ನಿನ್ನ ಬಿಳಿಯನ ಕಾಮಾಲೆ

ಅಣ್ಣಾ,

ನೀನಿದ್ದಿದ್ದರೆ ಇಷ್ಟು ಹೊತ್ತಿಗೆ "ವಿಸ್ಯಕ್ಕೆ ಬಾರ್ಲಾ" ಎಂದು ಗದರಿರುತ್ತಿದ್ದೆ. ಬಂದೆ. ನಿನ್ನ ಎತ್ತು ಬಿಳಿಯ ಯಾಕೆ ಸತ್ತಿತು ಅನ್ನುವುದು ಈಗ ಗೊತ್ತಾಗಿದೆ. ನೀನು ಬದುಕಿದ್ದಾಗಲೇ ಗೊತ್ತಾಗಿದ್ದರೆ...

ಆ ಸಂಕ್ರಾಂತಿ ನೆನಪಿದೆಯಾ? ಅತ್ತಿಗೆಗೆ ಜ್ವರ. ಹಾಗಾಗಿ ನಿನ್ನ ಎತ್ತುಗಳಿಗೂ ನನ್ನವಕ್ಕೂ ನನ್ನ ಹೆಂಡತಿ ಸಾಕಮ್ಮನೇ ಅರಿಶಿನ ಹಚ್ಚಿದಳು. ಕಿಚ್ಚು ಹಾಯಿಸಿ ಹಬ್ಬ ಮುಗಿದರೂ ಬಿಳಿಯನ ಕಿವಿಯೊಳಗೆ, ತೊಡೆಸಂದಿಯಲ್ಲಿ ಹಳದಿ ಹೋಗಲಿಲ್ಲ. "ಒಳ್ಳೇ ಅರಿಸ್ನ ಕಣ್ಲಾ, ತೊಳುದ್ರೂ ಬುಡ್ತಿಲ್ಲ" ಎಂದು ನೀನು ನಕ್ಕೆ. ನಾವೂ ನಕ್ಕೆವು. ಅದು ಮೈಯೊಳಗಿನ ಹಳದಿ ಎಂದು ಯಾರಿಗೆ ತಾನೇ ಹೊಳೆಯಬೇಕು?

ಬಿಳಿಯ ಮೇವು ಬಿಟ್ಟು ಮಲಗಿದಾಗ ನೀನು ಅದರ ಹೊಟ್ಟೆಗೆ ಬರೆ ಹಾಕಿಸಿದೆ. ಸತ್ತ ದಿನ ಊರಿಗೆಲ್ಲ ಕೇಳುವಂತೆ ಕೂಗಿದೆಯಲ್ಲ, "ನಿನ್ನೆಡ್ತಿ ಅರಿಸ್ನಕ್ಕೆ ಏನೋ ವಿಸ ಬೆರ್ಸವ್ಳೆ ಕಣ್ಲಾ!" ಅಂತ. "ಅದೇ ಬಟ್ಲಿಂದ ನನ್ನೆತ್ಗೂ ಹಚ್ಚವ್ಳಲ್ಲಣ್ಣ, ಅವ್ಕೇನಾಯ್ತು?" ಎಂದೆ. ನೀನೆಲ್ಲಿ ಕೇಳುತ್ತೀಯ? ಸಾಯುವ ತನಕ ಅವಳ ಕೈಯ ನೀರು ಮುಟ್ಟಲಿಲ್ಲ. ಅವಳು ಹಾದುಹೋದರೆ ಊರ ಹೆಂಗಸರು ಕರುಗಳನ್ನು ಒಳಗೆ ಎಳೆದು ಕಟ್ಟುತ್ತಿದ್ದರು. ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ನೀನು ಹೋದ ಮೇಲೆ ಒಂದು ದಿನ ನನ್ನ ಎತ್ತು ರಾಮ, ಕಬ್ಬಿನ ಗಾಡಿ ಎಳೆಯುತ್ತ ಮಂಡ್ಯದ ಹತ್ತಿರ ಕುಸಿಯಿತು. ಮೈ ಸುಡುತ್ತಿತ್ತು. ಓಡಿಹೋಗಿ ದನದ ಡಾಕ್ಟರನ್ನು ಕರೆತಂದೆ. ಅವರು ಮೈಬಣ್ಣವನ್ನು ನೋಡಲೇ ಇಲ್ಲ. ಕಣ್ಣಿನ ರೆಪ್ಪೆ ಮಗುಚಿದರು, ವಸಡು ನೋಡಿದರು. ಎರಡೂ ಹಳದಿ.

"ಗಂಜಲ ಯಾವ ಬಣ್ಣ?"

"ಕಾಪಿ ಕಸಾಯ ಇದ್ದಂಗದೆ ಸ್ವಾಮಿ."

ಬೇಲಿಯ ಲಂಟಾನ ಸೊಪ್ಪು ತಿಂದಿತ್ತಾ ಎಂದರು. ತಿಂದಿದ್ದರೆ ಮೂತಿಯ ಚರ್ಮ ಬಿರಿಯುತ್ತಿತ್ತಂತೆ, ಬಿರಿದಿರಲಿಲ್ಲ. ನಾಲೆಯಂಚಿನ ಹುಲ್ಲಿನಿಂದ ಪಿತ್ತಜನಕಾಂಗಕ್ಕೆ ಹುಳ ಸೇರಿದ್ದರೆ ಗದ್ದದ ಕೆಳಗೆ ನೀರು ತುಂಬಬಹುದಂತೆ, ಅದೂ ಇರಲಿಲ್ಲ. ಆಮೇಲೆ ಕಿವಿಯ ಹಿಂದೆ ಬೆರಳಾಡಿಸಿ, ರಕ್ತ ಕುಡಿದು ಉಬ್ಬಿದ್ದ ಉಣ್ಣೆಗಳನ್ನು ಕಿತ್ತು ತೋರಿಸಿದರು. ಕಿವಿಯ ತುದಿಯ ರಕ್ತವನ್ನು ಗಾಜಿಗೆ ಸವರಿಕೊಂಡು ಹೋಗಿ ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು.

"ಕಾಮಾಲೆ ಅನ್ನೋದೇ ಒಂದು ಕಾಯಿಲೆಯಲ್ಲ ಕಣಯ್ಯ, ಕಾಯಿಲೆಯ ಗುರುತು. ಉಣ್ಣೆ ಕಚ್ಚಿದಾಗ ಕ್ರಿಮಿ ಒಳಗೆ ಹೋಗಿ ರಕ್ತ ಒಡೆಯುತ್ತೆ. ಮೈ ಹಳದಿಯಾಗೋದು ಅದರಿಂದ."

ಬಿಳಿಯನ ವಿಷಯ ಹೇಳಿದೆ. ಅದಕ್ಕೂ ಇದೇ ಜ್ವರ, ಇದೇ ಗಂಜಲ, ಕಿವಿ ತುಂಬ ಉಣ್ಣೆ. "ಸತ್ತ ಎತ್ತಿನ ಬಗ್ಗೆ ಆಣೆ ಮಾಡಲಾರೆ. ಆದರೆ ಅರಿಶಿನದ ತಂಟೆ ಬಿಡು, ಇದು ಉಣ್ಣೆಯ ಕೆಲಸವೇ" ಎಂದರು. ನಾನು ದಾರಿಯಲ್ಲೇ ಗಾಡಿಯ ಗಾಲಿಗೆ ಒರಗಿ ಕೂತುಬಿಟ್ಟೆ.

ರಾಮನ ರಕ್ತನಾಳಕ್ಕೆ ಒಂದು ನೀಲಿ ಔಷಧಿ ಚುಚ್ಚಿದರು. ಹಳದಿ ವಸಡು ನೀಲಿಯಾಯಿತು ಮಾರಾಯ! ಎತ್ತು ಚೇತರಿಸಿಕೊಂಡು ಊರಿಗೆ ಬಂದ ಮೇಲೆ ಜನ ಅದರ ಬಾಯಿ ಬಿಡಿಸಿ ನೋಡಿದ್ದೇ ನೋಡಿದ್ದು. ಬಂದವರಿಗೆಲ್ಲ ಡಾಕ್ಟರು ಹೇಳಿದ್ದನ್ನು ಬಿಡದೆ ಹೇಳಿದೆ.

ಅತ್ತಿಗೆಯೂ ಬಂದರು. ಸಾಕಮ್ಮನ ಕೈ ಹಿಡಿದು, "ತಪ್ಪಾಯ್ತು ಕಣಮ್ಮ. ಅವ್ರ ಬಾಯಲ್ಲಿ ಬರ್ಬೇಕಾಗಿದ್ ಮಾತು, ನನ್ ಬಾಯಲ್ಲಿ ಬತ್ತಾ ಅದೆ" ಎಂದು ಅತ್ತರು.

"ಬುಡಕ್ಕ, ಕೂತ್ಕೊ. ಉಂಡ್ಕಂಡೋಗು" ಎಂದಳು ಸಾಕಮ್ಮ. ಒಳಗೆ ಹೋಗಿ ತಾನೂ ಅತ್ತಳು.

ಈ ಪಿತೃಪಕ್ಷಕ್ಕೆ ನಿನಗೆ ಎಡೆ ಇಡುವುದು ನಮ್ಮ ಮನೆಯಲ್ಲಿ. ಹಾಗೆ ಹೇಳಿದ್ದು ಅತ್ತಿಗೆಯೇ. ಮುದ್ದೆ, ಕೋಳಿ ಸಾರು, ಎಲ್ಲ ಸಾಕಮ್ಮನ ಕೈಯಡುಗೆ. ನೀರೂ ಅವಳೇ ಇಡುತ್ತಾಳೆ. ಮುಖ ತಿರುಗಿಸಬೇಡ ಅಣ್ಣ. ಬಂದು ಉಣ್ಣು.