ಕಂಡಕ್ಟರಮ್ಮನ ನಿದ್ದೆ

ಸೋಮವಾರ, ಮಧ್ಯಾಹ್ನ

ಮುನಿಸಿಕೊಂಡಿರುವ ನನ್ನ ಅಕ್ಕನಿಗೆ, ಮುನಿಸಿಕೊಳ್ಳಲು ಬಾರದ ತಂಗಿಯ ನಮಸ್ಕಾರ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದಲೂ ಆಗದು. ಎದೆಯ ಗಂಟಿಗೆ ಆಪರೇಷನ್ ಬೇಡ, ಕೀಮೋ ಬೇಡ, ನಿನ್ನ ಸಂಸ್ಥೆಗೇ ಬಂದುಬಿಡುತ್ತೇನೆ, ನೀನೇ ವಾಸಿ ಮಾಡು ಎಂದೆಯಲ್ಲ, ಅದಕ್ಕೆ ಉತ್ತರ ಇದು. ಭಾವ ಪಕ್ಕದಲ್ಲೇ ಇದ್ದರೂ ತುಟಿ ಬಿಚ್ಚಲಿಲ್ಲ. ನಿನ್ನೆದುರು ತುಟಿ ಬಿಚ್ಚಿ ಗೆದ್ದವರು ಯಾರಿದ್ದಾರೆ ಹೇಳು.

ನಮ್ಮಲ್ಲಿ ಏನು ನಡೆಯುತ್ತದೆ ಎಂದು ನೀನು ಒಮ್ಮೆಯೂ ಪೂರ್ತಿ ಕೇಳಿಸಿಕೊಂಡಿಲ್ಲ. ನಮ್ಮದು ಲಾಭ ಮಾಡುವ ಜಾಗವಲ್ಲ. ಹಳೆಯ ಗ್ರಂಥಾಲಯದ ಮಹಡಿಯಲ್ಲಿ ಎರಡು ಕೋಣೆ, ಫ್ಯಾನು ಕಿರುಗುಟ್ಟುವ ಒಂದು ಸಭಾಂಗಣ. ಆಸ್ಪತ್ರೆಯ ಚಿಕಿತ್ಸೆ ನಡೆಯುತ್ತಿರುವಾಗಲೇ ಜೊತೆಗೆ ಉಸಿರಾಟದ ಅಭ್ಯಾಸ, ಪಾದ ನೀವುವುದು, ಹಗುರವಾದ ವ್ಯಾಯಾಮ ಸೇರಿಸಿದರೆ ರೋಗಿಗೆ ಹಿತವಾಗುತ್ತದೆಯೇ ಎಂದು ನೋಡುವುದು ನಮ್ಮ ಸಂಶೋಧನೆ. ಅರ್ಧ ಜನಕ್ಕೆ ಇವನ್ನೆಲ್ಲ ಕೊಡುತ್ತೇವೆ, ಉಳಿದವರಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ, ಆಮೇಲೆ ಹೋಲಿಸುತ್ತೇವೆ. ಕಂಡದ್ದನ್ನು ಪ್ರತಿ ಶನಿವಾರ ಜನರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಹೀಗೆ ಮಾಡಿಸಿಕೊಂಡವರಿಗೆ ನಿದ್ದೆ ಬರುತ್ತದೆ, ವಾಕರಿಕೆ ತಗ್ಗುತ್ತದೆ, ಭಯದ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಗಂಟು ಕರಗಿದ್ದನ್ನು ಇಲ್ಲಿ ಯಾರೂ ಕಂಡಿಲ್ಲ, ಅಕ್ಕಾ.

ನಮ್ಮ ಕಂಡಕ್ಟರಮ್ಮನ ವಿಷಯ ನಿನಗೆ ಹೇಳಲೇಬೇಕು. ಬಸ್ಸಿನಲ್ಲಿ ಟಿಕೆಟ್ ಕೊಟ್ಟು ಕೊಟ್ಟು ಗಂಟಲು ಕಂಚು ಮಾಡಿಕೊಂಡ ಹೆಂಗಸು, ಕಾಯಿಲೆ ನಿನ್ನದೇ. ಮೊದಲ ದಿನವೇ ಬಾಗಿಲಲ್ಲಿ ನಿಂತು, “ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ” ಎಂದು ಎಲ್ಲರನ್ನೂ ಮುಂದಿನ ಸಾಲಿಗೆ ಅಟ್ಟಿದ್ದರು. ಕೀಮೋ ಶುರುವಾದಾಗಿನಿಂದ ಕಣ್ಣು ಮುಚ್ಚಲಾಗದೆ ಒದ್ದಾಡುತ್ತಿದ್ದವರು, ನಾನು ಪಾದ ನೀವುತ್ತಿದ್ದ ಹಾಗೇ ಕುರ್ಚಿಯಲ್ಲೇ ಗೊರಕೆ ಹೊಡೆದುಬಿಟ್ಟರು. ಎದ್ದಾಗ ಮಗುವಿನ ಮುಖ.

ಎಡವಟ್ಟಾದದ್ದು ಅಲ್ಲಿಂದಲೇ. ಒಂದು ಶನಿವಾರ ಅವರು ಸಭೆಯ ನಡುವೆ ಎದ್ದು ನಿಂತು, “ನನ್ನನ್ನ ಉಳಿಸಿದ್ದು ಈ ಹುಡುಗಿ ಕೈ. ಕೀಮೋ ಇಂಜೆಕ್ಷನ್ ಬಿಟ್ಟು ಎಷ್ಟೋ ವಾರ ಆಯ್ತು. ನೋಡಿ, ಹೇಗಿದ್ದೀನಿ!” ಎಂದರು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಪಕ್ಕದವರನ್ನು ಕೇಳುತ್ತಿದ್ದರು, “ಹಾಗಾದ್ರೆ ನಾವೂ ಬಿಡಬಹುದಾ?”

“ಯಾರೂ ಬಿಡಬೇಡಿ” ಎಂದು ಕೂಗಿಯೇಬಿಟ್ಟೆ. “ನನ್ನ ಕೈಯಿಂದ ನಿದ್ದೆ ಬರುತ್ತೆ, ಅಷ್ಟೇ. ಕ್ಯಾನ್ಸರ್ ಹೋಗಲ್ಲ.”

ತುಂಬಿದ ಬಸ್ಸಿನಿಂದ ನಡುದಾರಿಯಲ್ಲಿ ಇಳಿಸಿದಂತೆ ಕಂಡಕ್ಟರಮ್ಮ ನನ್ನನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು.

ಚಿಕಿತ್ಸೆ ಬಿಟ್ಟವರನ್ನು ಅಧ್ಯಯನದಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದರು ನಮ್ಮ ಹಿರಿಯ ಡಾಕ್ಟರು. ನಿಯಮ ಸರಿಯಾದದ್ದೇ. ನಾನು ತಲೆ ತಗ್ಗಿಸಿ ಹೊರಟಾಗ ಅವರೇ ಕರೆದು, “ಮನೆಗೆ ಹೋಗಿ ಮಾತಾಡಿ. ಬೈದರೆ ಬೈಸ್ಕೊಂಡು ಬನ್ನಿ” ಎಂದರು.

ಹೋದೆ. ಬಸ್ ಡಿಪೋದ ಹಿಂದಿನ ಬೀದಿ, ಕಡಿದಾದ ಮೆಟ್ಟಿಲು, ಬಾಗಿಲವರೆಗೂ ಡೀಸೆಲ್ ವಾಸನೆ. “ಎಲ್ಲರ ಮುಂದೆ ನನ್ನ ಮಾನ ಕಳೆದ್ರಲ್ಲ” ಎಂದರು. ಚಾಪೆಯ ಮೇಲೆ ಕೂತೆ. ಮನಸಾರೆ ಬೈದರು, ಬೈಸಿಕೊಂಡೆ. ಬೈದು ಸುಸ್ತಾದ ಮೇಲೆ ದನಿ ಇಳಿಯಿತು.

“ಆ ಇಂಜೆಕ್ಷನ್ ಆದ್ಮೇಲೆ ನಾನು ನಾನಾಗಿರಲ್ಲ ಕಣಮ್ಮ. ನಿಮ್ಮ ಹತ್ರ ಬಂದಾಗ ಮನುಷ್ಯಳಾಗಿರ್ತೀನಿ. ಯಾವುದನ್ನ ಬಿಡಲಿ ಹೇಳಿ?”

ಎರಡನ್ನೂ ಬಿಡಬೇಡಿ, ಇಂಜೆಕ್ಷನ್ ದಿನ ನಾನೇ ವಾರ್ಡಿಗೆ ಬರುತ್ತೇನೆ, ಅಧ್ಯಯನ ಗಿಧ್ಯಯನ ಆಚೆಗಿರಲಿ ಎಂದೆ. ಕೊನೆಗೆ ಒಪ್ಪಿಕೊಂಡರು.

ಹೊಸ ಸ್ಕ್ಯಾನಿನಲ್ಲಿ ಕಾಯಿಲೆ ಎದೆ ದಾಟಿ ಲಿವರಿಗೆ ಇಳಿದಿತ್ತು. ಬಿಟ್ಟ ವಾರಗಳಲ್ಲೇ ಹಾಗಾಯಿತೋ, ಹೇಗಿದ್ದರೂ ಆಗುತ್ತಿತ್ತೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಮತ್ತೆ ಕೀಮೋ ಶುರುವಾಗಿದೆ. ಡ್ರಿಪ್ ಏರುವಾಗ ನಾನು ಮಂಚದ ತುದಿಯಲ್ಲಿ ಕೂತು ಪಾದ ನೀವುತ್ತೇನೆ. ಬರುವ ಹೋಗುವ ನರ್ಸುಗಳನ್ನೆಲ್ಲ “ಟಿಕೆಟ್ ಆಯ್ತಾ?” ಎಂದು ರೇಗಿಸುತ್ತ ಹಾಗೇ ನಿದ್ದೆ ಹೋಗುತ್ತಾರೆ.

ನಿನ್ನದು ಇನ್ನೂ ಎದೆ ದಾಟಿಲ್ಲ ಎಂದು ಭಾವ ಹೇಳಿದರು. ಹೌದು, ನಿನಗೆ ಗೊತ್ತಾಗದಂತೆ ಫೋನ್ ಮಾಡಿದ್ದರು. ಅದಕ್ಕೆ ರಾದ್ಧಾಂತ ಮಾಡಬೇಡ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು. ಆಪರೇಷನ್ನಿನ ಕತ್ತರಿಗೆ ಹೆದರಿದ್ದೀಯ, ಕೂದಲು ಉದುರುವುದಕ್ಕೆ ಅದಕ್ಕಿಂತ ಹೆಚ್ಚು ಹೆದರಿದ್ದೀಯ, ನನಗೆ ಗೊತ್ತಿಲ್ಲವೇ? ಹೆದರು, ತಪ್ಪಿಲ್ಲ. ಆದರೆ ಹೆದರಿಕೆಗೆ ನನ್ನ ಸಂಸ್ಥೆಯ ಹೆಸರು ಇಡಬೇಡ. ನನ್ನನ್ನು ವೈದ್ಯೆ ಮಾಡಬೇಡ, ತಂಗಿಯಾಗಿರಲು ಬಿಡು. ಆಪರೇಷನ್‌ಗೆ ಒಪ್ಪಿಕೋ.

ಇಂತಿ,
ಹಿಂದೆ ಹಿಂದೆಯೇ ಸುತ್ತುತ್ತಾಳೆಂದು ನೀನು ಹೆಸರಿಟ್ಟ
ನಿನ್ನ ‘ಬಾಲ’

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದೆ. ಕಂಡಕ್ಟರಮ್ಮ ಈಗಲೂ ಇರುವಂತೆ ಬರೆದಿದ್ದೇನೆ. ಇಲ್ಲ ಅಕ್ಕಾ. ಹೋದ ತಿಂಗಳು ತೀರಿಕೊಂಡರು. ‘ಇಂಜೆಕ್ಷನ್ ತಗೊಂಡೂ ಸತ್ತಳಲ್ಲ’ ಎಂದು ನೀನು ಅದೊಂದನ್ನೇ ಹಿಡಿದುಕೊಳ್ಳುತ್ತೀಯ ಎಂದು ಹೆದರಿ ಮುಚ್ಚಿಟ್ಟೆ. ಆದರೆ ಅರ್ಧ ಸಂಗತಿ ಕೇಳಿಯೇ ಅಲ್ಲವೇ ಆವತ್ತು ಜನ ಚಪ್ಪಾಳೆ ತಟ್ಟಿದ್ದು? ನೀನು ಗುಣವಾಗುತ್ತೀಯ ಎಂದು ಮಾತು ಕೊಡಲು ನನ್ನಿಂದ ಆಗದು. ತಡಮಾಡಬೇಡ ಎಂದಷ್ಟೇ ಹೇಳಬಲ್ಲೆ. ಗುರುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಬೈಯುವುದೆಲ್ಲ ಬೈದು ಮುಗಿಸು. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗೋಣ.