ಮೂಲಾ ನಕ್ಷತ್ರದ ಸಾಕ್ಷಿ

ಮಾರ್ಚ್ 4, ಮಂಗಳವಾರ

ಠಾಣೆಗೆ ಹೋಗಿ ಸಹಿ ಹಾಕಿ ಬಂದೆ. ಆಮೇಲೆ ಥಾರ್ನ್ಲಿಯ ಅಂಗಡಿಯಲ್ಲಿ ತರಕಾರಿ. ಕನ್ನಡ ಸಂಘದ ಇಬ್ಬರು ಹೆಂಗಸರು ನನ್ನನ್ನು ಕಂಡು ಟ್ರಾಲಿ ತಿರುಗಿಸಿದರು. ತಿರುಗಿಸಲಿ. ಒಬ್ಬಳ ಮಗನ ಮದುವೆ ಕುದುರಿಸಿದ್ದೇ ನಾನು!

ಇಷ್ಟು ವರ್ಷ ಗಂಡು-ಹೆಣ್ಣು ಜೋಡಿಸಿದೆ, ಒಂದು ಲೋಟ ಕಾಫಿಯ ಹೊರತು ಏನೂ ಮುಟ್ಟದೆ. ಎಲ್ಲರೂ ಜಾತಕವನ್ನು ನನ್ನ ವಾಟ್ಸಾಪ್‌ಗೇ ಕಳಿಸುತ್ತಿದ್ದರು. ಹೆಸರು, ಹುಟ್ಟಿದ ದಿನ, ಊರು, ತಾಯಿಯ ತವರಿನ ಹೆಸರು — ಬ್ಯಾಂಕಿನವರು ಕೇಳುವುದೆಲ್ಲ ಅದರಲ್ಲೇ. ಆ ಮಕ್ಕಳ ಹೆಸರಿನಲ್ಲಿ ಯಾರೋ ಕ್ರೆಡಿಟ್ ಕಾರ್ಡ್ ತೆಗೆದರು. ಜಾತಕ ಇದ್ದದ್ದು ನನ್ನ ಫೋನಿನಲ್ಲಿ, ಹಾಗಾಗಿ ಕಳ್ಳಿ ನಾನೇ ಎಂದಿತು ಜ್ಯೂರಿ. ಫೆಡರಲ್ ಕೇಸು. ಎರಡು ವರ್ಷ ಜೈಲು. ಅಪೀಲು ಮುಗಿಯುವವರೆಗೆ ಜಾಮೀನು. ಸೋತರೆ ಒಳಗೆ, ಆಮೇಲೆ ವೀಸಾವೂ ಹೋಗುತ್ತದೆ. ನಿಖಿತಾ ಇನ್ನೂ ಎಂಟನೇ ಕ್ಲಾಸು. ಭಯವಾಗುತ್ತದೆ. ಹೇಳಿದರೆ ಮಗಳೂ ಹೆದರುತ್ತಾಳೆ...

ಮಾರ್ಚ್ 9, ಭಾನುವಾರ

ಲಾಯರ್ ಹೆಲೆನ್ ಫೋನು. ಪೊಲೀಸರ ಫೈಲಿನಲ್ಲಿ ಬ್ಯಾಂಕು ತಿರಸ್ಕರಿಸಿದ ಒಂದು ಕಾರ್ಡಿನ ಅರ್ಜಿ ಇದೆಯಂತೆ. ಇಂಚರಾಳ ಹೆಸರಿನದು — ಅಡಿಲೇಡಿನ ದಾಕ್ಷಾಯಣಿ ಆಂಟಿಯ ಮಗಳು. ಅವಳ ಮದುವೆಗೂ ಮುಂಚಿನ ಅರ್ಜಿ. ಹುಟ್ಟಿದ ದಿನ ಪಾಸ್‌ಪೋರ್ಟಿಗಿಂತ ಎರಡು ದಿನ ಮುಂದೆ. ಟೈಪಿಂಗ್ ತಪ್ಪು ಎಂದು ಬಿಟ್ಟಿದ್ದರು. ನನ್ನ ಫೋನಿನ ಜಾತಕದಲ್ಲಿ ಪಾಸ್‌ಪೋರ್ಟಿನ ದಿನವೇ ಇದೆ. ಹಾಗಾದರೆ ಇದು ಎಲ್ಲಿಂದ ಬಂತು?

ತಟ್ಟನೆ ಹೊಳೆಯಿತು. ಇಂಚರಾ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಅಂಥ ಸೊಸೆ ಬಂದರೆ ಮಾವನಿಗೆ ಆಗದು ಎನ್ನುತ್ತಾರೆ. ಸಂಬಂಧಗಳೆಲ್ಲ ತಪ್ಪಿದಾಗ ಆಂಟಿ, ನಾನು ತೋರಿಸಿದ ಕೊನೆಯ ಗಂಡಿಗಾಗಿ, ಎರಡು ದಿನ ಮುಂದೂಡಿ ಹೊಸ ಜಾತಕ ಬರೆಸಿ, ನನ್ನನ್ನು ದಾಟಿ, ನೇರ ಬ್ರಿಸ್ಬೇನಿನ ರಾಜಗೋಪಾಲ ಅಂಕಲ್‌ಗೆ ಕಳಿಸಿದ್ದರು. ನನ್ನ ಬಳಿ ಬಂದ ಜಾತಕಗಳನ್ನೆಲ್ಲ ಹೊಂದಿಸಿ ನೋಡುತ್ತಿದ್ದುದು ಈ ಅಂಕಲ್ಲೇ. ಪಾಸ್‌ಪೋರ್ಟಿನದು ಸ್ಕೂಲಿಗೆ ಕೊಟ್ಟ ಡೇಟು, ಇದೇ ನಿಜವಾದದ್ದು ಎಂದು ಆಂಟಿ ಗಂಡಿನವರನ್ನು ನಂಬಿಸಿದರು. ನಮ್ಮಲ್ಲಿ ಯಾರು ಅನುಮಾನಪಡುತ್ತಾರೆ? ನನಗೂ ಎರಡು ಡೇಟು. ಮದುವೆಯಾದ ಮೇಲೆ ಆಂಟಿಯೇ ಹೇಳಿ ನಕ್ಕಿದ್ದರು.

ಗಂಡಿನವರನ್ನು ಬಿಟ್ಟರೆ ಆಗ ಆ ಸುಳ್ಳು ದಿನ ಗೊತ್ತಿದ್ದ ಹೊರಗಿನವರು ಅಂಕಲ್ ಒಬ್ಬರೇ. ದೇವರೇ.

ಮಾರ್ಚ್ 10

ಅಂಕಲ್‌ಗೆ ಫೋನು ಮಾಡಿದೆ. ಎತ್ತಲಿಲ್ಲ. ಆಮೇಲೆ ಬ್ಲಾಕ್. ನಮ್ಮ ಮನೆಯ ಒಬ್ಬಟ್ಟು ತಿಂದ ಪುಣ್ಯಾತ್ಮ! ಇನ್ನು ಅವನ ತಂಟೆಗೆ ಹೋದರೆ ಜಾಮೀನೇ ಹೋಗುತ್ತದೆ ಎಂದು ಹೆಲೆನ್ ಬೈದಳು. ಆಂಟಿಯ ಸಾಕ್ಷಿ ಸಾಕು, ಆದರೆ ಅದು ಬೇಕೇ ಬೇಕು ಎಂದಳು.

ಮಾರ್ಚ್ 12

ಆಂಟಿಗೆ ಎಲ್ಲ ಹೇಳಿದೆ.

"ಇಂಚರಾ ಮಾವ ಹಾರ್ಟ್ ಅಟ್ಯಾಕಲ್ಲಿ ಹೋಗಿ ಇನ್ನೂ ವರ್ಷ ಆಗಿಲ್ಲ. ಈಗ ಮೂಲಾ ಅಂತ ಗೊತ್ತಾದ್ರೆ ಆ ಮನೇಲಿ ನನ್ನ ಮಗಳನ್ನ ಬದುಕೋಕೆ ಬಿಡ್ತಾರಾ, ಗೌತಮಿ?"

ಸಿಟ್ಟು ಬಂತು. "ನಕ್ಷತ್ರ ಬಂದು ಹಾರ್ಟ್ ನಿಲ್ಸುತ್ತಾ ಆಂಟಿ? ನಾನು ಜೈಲಿಗೆ ಹೋಗ್ತೀನಿ" ಎಂದೆ. ಫೋನಿಟ್ಟ ಮೇಲೆ ನಾಚಿಕೆಯಾಯಿತು. ನಕ್ಷತ್ರ ನೋಡದೆ ಒಂದು ಮದುವೆಯನ್ನಾದರೂ ಮಾಡಿಸಿದ್ದೇನೆಯೇ?

ಮಾರ್ಚ್ 29, ಶನಿವಾರ

ಹೊಸ ಜಾತಕವನ್ನು ಅಂಕಲ್‌ಗೇ ಕಳಿಸಿದೆ ಎಂಬ ಅಫಿಡವಿಟ್‌ಗೆ ಆಂಟಿ ಸಹಿ ಹಾಕಿದರು! ನಾನು ರಾಜ್ಯ ಬಿಟ್ಟು ಹೋಗುವಂತಿಲ್ಲ. ರಮಾಕಾಂತ್ ವೆಲ್ಷ್‌ಪೂಲಿನ ಕೆಲಸಕ್ಕೆ ರಜೆ ಹಾಕಿ, ಯಾರಿಗೂ ಹೇಳದೆ ಅಡಿಲೇಡಿಗೆ ಹಾರಿದ್ದರು. ಆಂಟಿಯ ಮನೆಯ ಸೋಫಾದಲ್ಲಿ ಕೂತು ಅತ್ತರಂತೆ ನನ್ನ ಗಂಡ. ಬೀಗರಿಗೆ ತಿಳಿಯಬಾರದು ಎಂಬುದೊಂದೇ ಆಂಟಿಯ ಮಾತು. ನಮ್ಮ ಹಿಯರಿಂಗ್ ನೋಡಲು ಯಾರು ಬರುತ್ತಾರೆ?

ಎಷ್ಟೋ ದಿನಗಳ ಮೇಲೆ ಹಸಿವಾಯಿತು. ಚಿತ್ರಾನ್ನ ಮಾಡಿದೆ. ನಿಖಿತಾ "ಯು ಲುಕ್ ನಾರ್ಮಲ್, ಅಮ್ಮ" ಎಂದಳು.

ಏಪ್ರಿಲ್ 15, 11.40

ಕೋರ್ಟಿನ ಕಾರಿಡಾರು. ಬ್ರೇಕ್ ಕೊಟ್ಟಿದ್ದಾರೆ.

ಅಡಿಲೇಡಿನಿಂದ ಆಂಟಿ ಸ್ಕ್ರೀನಿನಲ್ಲಿ ಬಂದರು. ಹಿಂದಿನ ಕುರ್ಚಿಯಲ್ಲಿ ಬೀಗಿತ್ತಿ — ಇಂಚರಾಳ ಅತ್ತೆ. ಆಂಟಿಗೆ ಡ್ರೈವಿಂಗ್ ಬರುವುದಿಲ್ಲ. ಪಾಪ, ಒಬ್ಬರೇ ಹೇಗೆ ಹೋಗುತ್ತಾರೆ ಎಂದು ಆಯಮ್ಮನೇ ಕಾರಿನಲ್ಲಿ ಕರೆತಂದಿದ್ದಾರೆ. ನನ್ನನ್ನು ನೋಡಿ ಕೈ ಕೂಡ ಮುಗಿದರು.

ಮಗಳ ಜಾತಕವನ್ನು ಯಾರಿಗೆ ಕಳಿಸಿದಿರಿ ಎಂದು ಸರ್ಕಾರಿ ಲಾಯರ್ ಕೇಳಿದ. ಆಂಟಿ ಹಿಂದಕ್ಕೆ ತಿರುಗಿ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಓನ್ಲಿ ಗೌತಮಿ" ಎಂದರು.

ಹಾಗಾದರೆ ಈ ಅಫಿಡವಿಟ್ ಎಂದ ಅವನು. ಗೌತಮಿಯ ಗಂಡ ಮನೆಗೆ ಬಂದು ಅತ್ತ, ಅದಕ್ಕೇ ಸಹಿ ಹಾಕಿದೆ ಎಂದರು. ಮೂವರು ಜಡ್ಜ್‌ಗಳೂ ತಲೆ ತಗ್ಗಿಸಿ ಏನೋ ಬರೆದುಕೊಂಡರು.

ನಾನು ಅಡಿಲೇಡಿಗೆ ಹೋಗಬಾರದಿತ್ತು, ನಾನೇ ಕೆಡಿಸಿದೆ ಎಂದು ರಮಾಕಾಂತ್ ಗೋಡೆ ನೋಡಿಕೊಂಡು ಹೇಳುತ್ತಲೇ ಇದ್ದಾರೆ. ಇನ್ನು ಉಳಿದವಳು ಇಂಚರಾ ಒಬ್ಬಳೇ. ಅವಳಿಗೂ ಎಲ್ಲ ಗೊತ್ತು. ಕರೆದರೆ ನಿಜವನ್ನೇ ಹೇಳುತ್ತಾಳೆ, ಅಂಥ ಹುಡುಗಿ. ಹೇಳಿ ಸಂಜೆ ಆ ಮನೆಗೇ ಹೋಗಬೇಕು, ಆ ಅತ್ತೆಯ ಎದುರಿಗೇ. ಅವಳಿಗೆ ಆ ಗಂಡನ್ನು ತೋರಿಸಿದ್ದು ನಾನು. ನನಗೂ ಒಬ್ಬ ಮಗಳಿದ್ದಾಳೆ.

ಒಳಗೆ ಕರೆಯುತ್ತಿದ್ದಾರೆ. ಹೆಲೆನ್ ಇಂಚರಾಳ ನಂಬರು ಕೇಳುತ್ತಿದ್ದಾಳೆ, ಪೆನ್ನು ಹಿಡಿದು ನಿಂತಿದ್ದಾಳೆ. ಸೊನ್ನೆ ನಾಲ್ಕು ಎಂದೆ. ಇಲ್ಲಿ ಎಲ್ಲರ ಮೊಬೈಲೂ ಹಾಗೇ ಶುರು. ಆಮೇಲೆ —