ಅತ್ತೆ ಕೊಟ್ಟ ಸಾಕ್ಷಿ

ಕೊಪ್ಪ
೮ ಮೇ ೨೦೨೪, ಬುಧವಾರ

ಪ್ರೀತಿಯ ಅಮ್ಮಾ,

ಸೊಂಟನೋವು ಹೇಗಿದೆ? ತುಂಗಕ್ಕನ ಬಾಣಂತನಕ್ಕೆಂದು ನರಸಿಂಹರಾಜಪುರಕ್ಕೆ ಹೋದವಳು ದಿನವಿಡೀ ನಿಂತೇ ಇರುತ್ತೀಯಂತೆ, ಭಾವ ಹೇಳಿದರು. ಸ್ವಲ್ಪ ಕೂರಬಾರದಾ? ಪಾಪುವಿಗೆ ಹೆಸರು ಹುಡುಕಿದಿರಾ? ಇಲ್ಲಿ ನಾನು, ಅಪ್ಪ ಆರಾಮ. ಅಪ್ಪ ಮಾಡುವ ಸಾರಿಗೆ ದಿನಾ ಉಪ್ಪು ಜಾಸ್ತಿ, ಹೇಳಿದರೆ ಸಿಟ್ಟು.

ಫೋನ್ ಬಿಟ್ಟು ಕಾಗದ ಎಂತಕ್ಕೆ ಅಂತೀಯ. ಶೃಂಗೇರಿ ಮನೆಯ ಸುದ್ದಿ ಎತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ, ಅದಕ್ಕೆ. ನಿನ್ನೆಯಿಂದ ಬರೆಯುವುದು, ಹರಿಯುವುದು, ಇದೇ ಆಗಿದೆ. ಪೂರ್ತಿ ಓದು.

ಮೇಗುಂದದ ಕಡೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೆಲಸಕ್ಕೆ ಅರ್ಜಿ ತಂದಿದ್ದೆನಲ್ಲ, ಅದರಲ್ಲಿ ನನ್ನ ನಡತೆ ಬಲ್ಲ ಒಬ್ಬರು ಕೈಬರಹದಲ್ಲಿ ನಾಲ್ಕು ಮಾತು ಬರೆದುಕೊಡಬೇಕಿತ್ತು. ಸಂಬಂಧಿಕರಾಗಬಾರದು, ಕಳೆದ ಐದು ವರ್ಷದಲ್ಲಿ ಹತ್ತಿರದಿಂದ ಕಂಡವರಾಗಿರಬೇಕು. ಮೊದಲು ನಮ್ಮ ಹೈಸ್ಕೂಲಿನ ತ್ರ್ಯಂಬಕ ಮೇಷ್ಟ್ರ ಹತ್ತಿರ ಹೋದೆ. ಕೂತಲ್ಲೇ ಬರೆದುಕೊಟ್ಟರು: ‘ಶಾಂತ ಸ್ವಭಾವ, ಎದುರು ಮಾತಾಡದ ಹುಡುಗಿ.’ ಅದು ಹತ್ತನೇ ಕ್ಲಾಸಿನ ಶ್ರೀರಕ್ಷಾ! ‘ಮದುವೆ ವಿಷಯ ಬೇಡ ಮಾರಾಯ್ತಿ, ಸುಮ್ಮನೆ ಯಾಕೆ’ ಅಂತಲೂ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಆ ಹಾಳೆ ಹಿಡಿದು ಕೂತವಳು ಎರಡು ಬಸ್ ಬಿಟ್ಟೆ. ಆ ಐದು ವರ್ಷದಲ್ಲಿ ಮೂರು ವರ್ಷ ನಾನು ಶ್ರೀಕಾಂತನ ಹೆಂಡತಿಯಾಗಿ ಶೃಂಗೇರಿಯಲ್ಲಿದ್ದೆ. ಅಲ್ಲಿ ನನ್ನನ್ನು ದಿನಾ ಕಂಡವರು ತ್ರಿಪುರಸುಂದರಿ ಅತ್ತೆ ಒಬ್ಬರೇ. ಡೈವರ್ಸ್ ಆದಮೇಲೆ ಅವರು ಸಂಬಂಧಿಕರೂ ಅಲ್ಲ.

ನಿನಗೆ ಸಿಟ್ಟು ಬಂತು, ಗೊತ್ತು. ರಾಜಿಗೆ ಕೂತ ದಿನ ನೀನು ಅವರ ಕೈ ಹಿಡಿದು, ‘ನಿಮ್ಮ ಮಗ ಇವಳ ಮೇಲೆ ಕೈ ಎತ್ತಿದ್ದು ನೋಡಿದ್ದೀರೋ ಇಲ್ಲವೋ, ಅಷ್ಟು ಹೇಳಿ’ ಅಂತ ಕೇಳಿದ್ದೆ. ಅವರು ನೆಲ ನೋಡುತ್ತಾ ‘ನನಗೆಂತದೂ ಗೊತ್ತಿಲ್ಲ’ ಅಂದಿದ್ದರು. ಕೂತಿದ್ದವರೆಲ್ಲ ನಾನೇ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡು ಎದ್ದುಹೋದರು. ಅಂಥವರ ಬಾಗಿಲಿಗೆ ಹೋಗಿ ನಿಂತೆ ಅಮ್ಮಾ. ಪುಣ್ಯಕ್ಕೆ ಶ್ರೀಕಾಂತ ಮನೆಯಲ್ಲಿರಲಿಲ್ಲ. ಅತ್ತೆ ಅರ್ಜಿಯನ್ನು ಎರಡು ಸಲ ಓದಿದರು. ‘ನನ್ನ ಹತ್ತಿರವೇ ಯಾಕೆ ಬಂದೆ ಕೂಸೆ?’ ಅಂದರು. ‘ನೀವೊಬ್ಬರೇ ನೋಡಿದ್ದು’ ಅಂದೆ. ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಚಪ್ಪಲಿ ಮೆಟ್ಟಿ ಹೊರಡುವುದರಲ್ಲಿದ್ದೆ, ಹಾಳೆ ಹಿಡಿದು ಬಂದರು.

ಅಲ್ಲೇ ಓದಿಸಿದರು: ‘ಇವಳು ನನ್ನ ಸೊಸೆಯಾಗಿದ್ದಳು. ನನ್ನ ಮಗ ಹೊಡೆಯುತ್ತಿದ್ದ. ನಾನು ಕಂಡಿದ್ದೇನೆ, ತಡೆಯಲಿಲ್ಲ. ಅದೇ ದಿನಗಳಲ್ಲಿ ನನ್ನ ಕಾಲು ಮುರಿದಾಗ ಆರು ವಾರ ಎತ್ತಿ ಕೂರಿಸಿದವಳು ಇವಳೇ. ಸಿಟ್ಟು ಬಂದರೆ ಜೋರು ಮಾತಾಡುತ್ತಾಳೆ. ಇವಳನ್ನು ನಂಬಿ ಮಕ್ಕಳನ್ನು ಬಿಡಬಹುದು.’

ಮನೆಗೆ ಬಂದು ಎರಡೂ ಹಾಳೆ ಎದುರಿಗಿಟ್ಟುಕೊಂಡೆ. ಇದನ್ನು ಕೊಟ್ಟರೆ ನನ್ನ ಮರ್ಯಾದೆ ಆಫೀಸಿನ ಮೇಜಿನ ಮೇಲೆ. ಮೇಷ್ಟ್ರದ್ದು ಕೊಟ್ಟರೆ ಆ ಮೂರು ವರ್ಷ ನಡೆದೇ ಇಲ್ಲ. ಜಗಲಿಯಲ್ಲಿ ಆಚೆಗೂ ಈಚೆಗೂ ತಿರುಗುತ್ತಿದ್ದರೆ ಅಪ್ಪ ‘ಕಾಲಿಗೆ ಇರುವೆ ಹತ್ತಿದೆಯಾ’ ಅಂದರು. ಕೊನೆಯ ದಿನ ಅತ್ತೆಯದ್ದನ್ನೇ ಕೊಟ್ಟುಬಂದೆ. ಮೊನ್ನೆ ಸಂದರ್ಶನದಲ್ಲಿ ಆ ಹಾಸ್ಟೆಲ್ ನಡೆಸುವ ಶಾಲೆಯ ಮುಖ್ಯೋಪಾಧ್ಯಾಯಿನಿ ಅದನ್ನು ಓದಿ ಕನ್ನಡಕ ತೆಗೆದರು. ‘ಇವರು ಈಗ ನಿಮಗೆ ಏನಾಗಬೇಕು?’ ಅಂತ ಕೇಳಿದರು. ಎಂತ ಹೇಳುವುದು? ‘ಅತ್ತೆ’ ಅಂದುಬಿಟ್ಟೆ.

ಜೂನ್ ಒಂದಕ್ಕೆ ಬಂದು ಸೇರಿಕೊಳ್ಳಲು ಹೇಳಿದ್ದಾರೆ ಅಮ್ಮಾ.

ತುಂಗಕ್ಕನನ್ನು ಕೇಳಿದೆನೆಂದು ಹೇಳು, ಪಾಪುವಿನ ಕೆನ್ನೆ ಮುಟ್ಟು. ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಶ್ರೀರಕ್ಷಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬರುವ ಮಂಗಳವಾರ ಬೆಳಗಿನ ಬಸ್ಸಿಗೆ ಅತ್ತೆ ನಿನ್ನನ್ನು ನೋಡಲು ಅಲ್ಲಿಗೇ ಬರುತ್ತಾರೆ. ‘ನಿನ್ನ ಅಮ್ಮ ಅವತ್ತು ಕೇಳಿದ್ದಕ್ಕೆ ಉತ್ತರ ಕೊಡುವುದು ಬಾಕಿ ಇದೆ’ ಅಂದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರ ಕಾಲು ಇನ್ನೂ ಸರಿಯಿಲ್ಲ, ಮೆಟ್ಟಿಲು ಹತ್ತುವಾಗ ಕೈ ಕೊಡು. ಬೈಯುವುದಿದ್ದರೆ ಕೂರಿಸಿ ಬೈ.